ಕಾರಿನ ಆಯಿಲ್ ಫಿಲ್ಟರ್: ಹೋಲಿಕೆ ಮತ್ತು ಆಯ್ಕೆ

ಎಂಜಿನ್ನಿನೊಳಗೆ ಸುತ್ತುವ ಆಯಿಲಿನಿಂದ ಲೋಹದ ಪುಡಿ, ಧೂಳು, ಇಂಗಾಲದ ಹರಳುಗಳಂಥ ಗಟ್ಟಿ ಕಣಗಳನ್ನು ಸೋಸಿ ಹಿಡಿದಿಡುವ ಬಿಡಿಭಾಗವೇ ಆಯಿಲ್ ಫಿಲ್ಟರ್. ಕಾರಿನಲ್ಲಿ ಪದೇ ಪದೇ ಬದಲಿಸುವ ಸಾಮಾನುಗಳಲ್ಲಿ ಅಗ್ಗದ್ದು; ಸಣ್ಣ ಪೆಟ್ರೋಲ್ ಕಾರಿನದು ನೂರು ರೂಪಾಯಿಯ ಆಸುಪಾಸಿನಿಂದಲೇ ಸಿಗುತ್ತದೆ. ಅದು ಕಾಯುವ ಎಂಜಿನ್ ಬಿಚ್ಚಿ ಕಟ್ಟಿಸಬೇಕಾಗಿ ಬಂದರೆ ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ. ಕೊಳ್ಳುವಾಗ ಎಲ್ಲ ಫಿಲ್ಟರುಗಳೂ ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತವೆ: ಬಣ್ಣ ಬಳಿದ ತಗಡಿನ ಡಬ್ಬಿ, ಬಾಯಿಗೆ ಕಪ್ಪು ರಬ್ಬರ್ ಉಂಗುರ. ವ್ಯತ್ಯಾಸಗಳೆಲ್ಲ ಒಳಗಿರುವುದರಿಂದ ಆಯ್ಕೆಯ ಪ್ರಶ್ನೆ ಏಳುತ್ತದೆ.

ಈ ಲೇಖನ ವಿಷಯವನ್ನು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ ಸೀಮೆಯನ್ನು ಮುಂದಿಟ್ಟುಕೊಂಡು ನೋಡುತ್ತದೆ. 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಈ ಜಿಲ್ಲೆಯ ಪಶ್ಚಿಮದಂಚಿನಲ್ಲಿ, ಹೊಸೂರಿನಿಂದ ಸುಮಾರು 25 ಕಿ.ಮೀ. ದೂರದಲ್ಲಿ ಡೆಂಕಣಿಕೋಟೆ ಇದೆ. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಪೇಟೆಯಲ್ಲಿ ಓಡಾಡುವ ಊರು. ಒಂದು ಕಡೆ ತಳಿ, ಇನ್ನೊಂದು ಕಡೆ ಕೆಲಮಂಗಲ, ದಕ್ಷಿಣಕ್ಕೆ ಅಂಚೆಟ್ಟಿ. ಅಲ್ಲಿಂದ ಮುಂದೆ ಕಾಡಿನ ಘಟ್ಟ ಇಳಿದರೆ ಹೊಗೇನಕಲ್ಲು. ಸುತ್ತ ಕೆಮ್ಮಣ್ಣಿನ ಹೊಲ, ಗ್ರಾನೈಟ್ ಕ್ವಾರಿ, ಜಲ್ಲಿ ಕ್ರಷರ್, ಟಿಪ್ಪರ್ ಲಾರಿಗಳ ಓಡಾಟ. ಹೊಸೂರಿನ ಕಾರ್ಖಾನೆಗೆ ದಿನವೂ ಹೋಗಿಬರುವ ಕಾರು, ಟೊಮೇಟೊ ಎಲೆಕೋಸು ಹೂವು ಹೊತ್ತು ನಸುಕಿನಲ್ಲೇ ಬೆಂಗಳೂರಿನ ಮಾರುಕಟ್ಟೆಗೆ ಹೊರಡುವ ಪಿಕಪ್, ಮದುವೆ ಜಾತ್ರೆಗೆ ಬಾಡಿಗೆ ಹೊಡೆಯುವ ಇನ್ನೋವಾ ಮೂರೂ ಒಂದೇ ರಸ್ತೆಯ ಧೂಳು ಕುಡಿಯುತ್ತವೆ. ಫಿಲ್ಟರಿನ ಆಯ್ಕೆಗೆ ಈ ಧೂಳಿನ ಲೆಕ್ಕ ಬಹಳ ಮುಖ್ಯ.

ಹಿನ್ನೆಲೆ

ಮೊದಮೊದಲ ಕಾರುಗಳಿಗೆ ಆಯಿಲ್ ಫಿಲ್ಟರ್ ಇರಲಿಲ್ಲ. ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಆಯಿಲ್ ಪಂಪು ಕೂಡ ಇಲ್ಲದೆ, ತಿರುಗುವ ಭಾಗಗಳೇ ಆಯಿಲನ್ನು ಎರಚಾಡಿಕೊಂಡು ನಡೆಯುತ್ತಿದ್ದವು. ಕೆಲವು ನೂರು ಮೈಲಿಗೊಮ್ಮೆ ಆಯಿಲನ್ನೇ ಚೆಲ್ಲಿ ಹೊಸದು ಹಾಕುವುದು ಅಂದಿನ ರೂಢಿ. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ ರೂಪಿಸಿದ ಫಿಲ್ಟರ್ ಪ್ಯುರೊಲೇಟರ್ ಹೆಸರಿನಲ್ಲಿ ಬಂತು. ಮರುವರ್ಷ ಕ್ರೈಸ್ಲರ್ ಕಾರು ಆಯಿಲ್ ಫಿಲ್ಟರನ್ನು ಕಾರ್ಖಾನೆಯಲ್ಲೇ ಹೊತ್ತು ಹೊರಟಿತು. ಆ ಕಾಲದವು ಬಹುತೇಕ ಬೈಪಾಸ್ ಮಾದರಿಯವು: ಪಂಪಿನಿಂದ ಬಂದ ಆಯಿಲಿನ ಸಣ್ಣ ಪಾಲು ಮಾತ್ರ ಫಿಲ್ಟರಿನ ದಾರಿ ಹಿಡಿಯುತ್ತಿತ್ತು, ಉಳಿದದ್ದು ಸೋಸದೆಯೇ ಬೇರಿಂಗಿಗೆ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಪೂರ್ತಿ ಆಯಿಲನ್ನು ಸೋಸಿಯೇ ಕಳಿಸುವ ಫುಲ್‌ಫ್ಲೋ ಪದ್ಧತಿ ನೆಲೆಗೊಂಡಿತು. ಕೈಯಲ್ಲಿ ತಿರುಗಿಸಿ ಕೂರಿಸುವ, ಬಳಸಿ ಎಸೆಯುವ ಡಬ್ಬಿ ಫಿಲ್ಟರನ್ನು ವಿಕ್ಸ್ ಕಂಪನಿ 1954ರಲ್ಲಿ ತಂದಿತು.

ನಮ್ಮ ರಸ್ತೆಗಳಲ್ಲಿ ಅಂಬಾಸಿಡರ್ ಓಡುತ್ತಿದ್ದ ಕಾಲದಲ್ಲಿ ಫಿಲ್ಟರ್ ಎಂದರೆ ಕಬ್ಬಿಣದ ಬೋಗುಣಿಯೊಳಗೆ ಕೂರುವ ಕಾಗದದ ಎಲಿಮೆಂಟ್. ಬೋಲ್ಟ್ ಬಿಚ್ಚಿ, ಬೋಗುಣಿ ತೊಳೆದು, ಒಳಗಿನ ಸ್ಪ್ರಿಂಗು, ವಾಷರುಗಳನ್ನು ಕ್ರಮ ತಪ್ಪದೆ ಜೋಡಿಸಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ತಿರುಗಿಸಿ ಕೂರಿಸುವ ಡಬ್ಬಿ ಸಣ್ಣ ಊರಿನ ಗ್ಯಾರೇಜಿಗೂ ತಲುಪಿತು. ತಮಾಷೆಯೆಂದರೆ ಎಲಿಮೆಂಟ್ ಮಾದರಿ ಈಗ ಮರಳಿ ಬಂದಿದೆ. ಪ್ಲಾಸ್ಟಿಕ್ ಇಲ್ಲವೇ ಅಲ್ಯುಮಿನಿಯಂ ಮನೆಯೊಳಗೆ ಬರೀ ಕಾಗದದ ಎಲಿಮೆಂಟ್ ಬದಲಿಸುವ ವ್ಯವಸ್ಥೆ, ತಗಡಿನ ಕಸ ಕಡಿಮೆ ಎಂಬ ಕಾರಣಕ್ಕೂ, ಹೊಸ ಎಂಜಿನ್ನುಗಳಲ್ಲಿ ಹೆಚ್ಚುತ್ತಿದೆ. ಸ್ವಿಫ್ಟ್, ಡಿಜೈರ್‌ಗಳಲ್ಲಿದ್ದ 1.3 ಲೀಟರ್ ಡೀಸೆಲ್ ಎಂಜಿನ್ನಿನದು ಇದೇ ಮಾದರಿ. 2020ರ ಏಪ್ರಿಲಿನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತಾದರೂ ಹಳೆಯವು ಈ ಸೀಮೆಯಲ್ಲಿ ಇನ್ನೂ ದುಡಿಯುತ್ತಿವೆ.

ಒಳಗೆ ಏನಿದೆ

ಆಯಿಲ್ ಫಿಲ್ಟರಿನ ಬಾಯಿ ನೋಡಿದರೆ ನಡುವೆ ಮರೆ, ಅಂದರೆ ಸ್ಕ್ರೂವಿನಂಥ ಎಳೆ, ಇರುವ ದೊಡ್ಡ ತೂತು, ಅದರ ಸುತ್ತ ಸಣ್ಣ ತೂತುಗಳ ಸಾಲು ಕಾಣುತ್ತದೆ. ಕೊಳೆ ಆಯಿಲ್ ಸುತ್ತಲಿನ ಸಣ್ಣ ತೂತುಗಳಿಂದ ಒಳಬಂದು, ಮಡಿಕೆ ಮಡಿಕೆಯಾಗಿ ಜೋಡಿಸಿದ ಕಾಗದವನ್ನು ಹೊರಗಿನಿಂದ ಒಳಕ್ಕೆ ದಾಟಿ, ನಡುವಿನ ತೂತಿನಿಂದ ಎಂಜಿನ್ನಿಗೆ ಮರಳುತ್ತದೆ. ಸಣ್ಣ ಕಾರಿನ ಫಿಲ್ಟರಿನ ಕಾಗದವನ್ನೂ ಬಿಡಿಸಿ ಹಾಸಿದರೆ ಒಂದು ಮೀಟರಿಗೂ ಮೀರಿ ಉದ್ದವಾಗುವುದು ಸಾಮಾನ್ಯ. ಮಡಿಕೆಗಳು ಒಳಕ್ಕೆ ಕುಸಿಯದಂತೆ ನಡುವೆ ತೂತುತೂತಿನ ತಗಡಿನ ಕೊಳವೆ, ಎರಡು ತುದಿಗೆ ತಗಡಿನ ಅಥವಾ ರಟ್ಟಿನ ಮುಚ್ಚಳ, ಇಡೀ ಕಟ್ಟನ್ನು ಬಾಯಿಗೆ ಒತ್ತಿ ಹಿಡಿಯಲು ತಳದಲ್ಲಿ ಸ್ಪ್ರಿಂಗು. ಇವುಗಳ ಜೊತೆ ಎರಡು ವಾಲ್ವುಗಳು. ರಟ್ಟಿನ ಮುಚ್ಚಳ ಕಂಡ ಕೂಡಲೇ ಮೂಗು ಮುರಿಯುವವರಿದ್ದಾರೆ. ಅಂಟು ಸರಿಯಾಗಿ ಹಿಡಿದಿದ್ದರೆ ರಟ್ಟಿನದೂ ಕೆಲಸ ಕೊಡುತ್ತದೆ, ಅಂಟು ಬಿಟ್ಟಿದ್ದರೆ ತಗಡಿನದೂ ವ್ಯರ್ಥ. ಆಯಿಲ್ ಸುಲಭವಾದ ದಾರಿ ಹುಡುಕುವ ವಸ್ತು. ಮುಚ್ಚಳದಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೆ ಸೋಸದೆಯೇ ನುಸುಳುತ್ತದೆ.

ಸೋಸುವ ಕಾಗದದಲ್ಲಿ ಮೂರು ಬಗೆ. ಮರದ ನಾರಿನ ಸೆಲ್ಯುಲೋಸ್ ಕಾಗದಕ್ಕೆ ರಾಳ ಕುಡಿಸಿ ಗಟ್ಟಿ ಮಾಡಿದ್ದು ಅಗ್ಗದ್ದು, ಹೆಚ್ಚು ಬಳಕೆಯದು. ಗಾಜಿನ ನಾರು ಅಥವಾ ಪಾಲಿಯೆಸ್ಟರ್ ನಾರಿನದು ಸಿಂಥೆಟಿಕ್. ಎರಡನ್ನೂ ಬೆರೆಸಿದ್ದು ಮೂರನೆಯದು. ಸೆಲ್ಯುಲೋಸ್ ನಾರು ದಪ್ಪ, ಅಡ್ಡಾದಿಡ್ಡಿ. ಸಿಂಥೆಟಿಕ್ ನಾರು ಸಪುರ, ಒಂದೇ ಗಾತ್ರದ್ದು. ಆದ್ದರಿಂದ ಅಷ್ಟೇ ವಿಸ್ತಾರದಲ್ಲಿ ಸಿಂಥೆಟಿಕ್ ಹೆಚ್ಚು ಸಣ್ಣ ಕಣ ಹಿಡಿದೂ ಆಯಿಲಿನ ಓಟವನ್ನು ಕಡಿಮೆ ತಡೆಯುತ್ತದೆ, ನೀರಿನ ಪಸೆಗೆ, ಬಿಸಿಗೆ ಬೇಗ ಸೋಲುವುದಿಲ್ಲ. ಬೆಲೆ ಎರಡು ಮೂರು ಪಟ್ಟು ಹೆಚ್ಚಿರಬಹುದು. ಆಯಿಲನ್ನು ವರ್ಷಕ್ಕೊಮ್ಮೆ, 10,000 ಕಿ.ಮೀ.ಗೊಮ್ಮೆ ಬದಲಿಸುವವರಿಗೆ ಸೆಲ್ಯುಲೋಸ್ ಸಾಕು. ಅದಕ್ಕಿಂತ ದೀರ್ಘ ಅವಧಿಯ ಆಯಿಲ್ ಹಾಕುವವರಿಗೆ ಸಿಂಥೆಟಿಕ್ ಅರ್ಥಪೂರ್ಣ.

ಮೈಕ್ರಾನ್ ಲೆಕ್ಕ

ಫಿಲ್ಟರಿನ ಪೆಟ್ಟಿಗೆಯ ಮೇಲೆ ‘20 ಮೈಕ್ರಾನ್’ ಎಂದಿದ್ದರೆ ಅದರಿಂದ ಏನೂ ತಿಳಿದಂತಾಗಲಿಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ರಾಗಿ ಹಿಟ್ಟಿನ ಜರಡಿಯಂತೆ ಒಂದೇ ಅಳತೆಯ ಕಣ್ಣು ಫಿಲ್ಟರ್ ಕಾಗದಕ್ಕಿಲ್ಲ. ನಾರುಗಳ ನಡುವಿನ ಸಂದಿ ದೊಡ್ಡದು ಚಿಕ್ಕದು ಬೆರೆತಿರುತ್ತದೆ. 20 ಮೈಕ್ರಾನಿನ ಕಣಗಳಲ್ಲಿ ಒಂದಷ್ಟು ಸಿಕ್ಕಿಬೀಳುತ್ತವೆ, ಒಂದಷ್ಟು ದಾಟುತ್ತವೆ. ಎಷ್ಟು ಸಿಕ್ಕವು ಎಂಬುದೇ ಕೇಳಬೇಕಾದ ಪ್ರಶ್ನೆ. ಅದಕ್ಕೆ ಬೀಟಾ ಅನುಪಾತ ಎಂಬ ಅಳತೆ ಇದೆ: ಒಂದು ಗಾತ್ರದ ಕಣಗಳು ಫಿಲ್ಟರಿಗೆ ಮುಂಚೆ ಎಷ್ಟಿದ್ದವು, ದಾಟಿದ ಮೇಲೆ ಎಷ್ಟು ಉಳಿದವು ಎಂಬುದರ ಭಾಗಾಕಾರ. ಬೀಟಾ 2 ಎಂದರೆ ಅರ್ಧ ಸಿಕ್ಕಿತು, 50 ಶೇಕಡಾ. ಬೀಟಾ 20 ಎಂದರೆ 95. ಬೀಟಾ 75 ಎಂದರೆ 98.7, ಬೀಟಾ 100 ಎಂದರೆ 99. ಒಬ್ಬ ತಯಾರಕ 20 ಮೈಕ್ರಾನ್ ಎಂದು ಬೀಟಾ 2ರ ಲೆಕ್ಕದಲ್ಲಿ ಹೇಳಬಹುದು, ಇನ್ನೊಬ್ಬ ಬೀಟಾ 75ರ ಲೆಕ್ಕದಲ್ಲಿ ಹೇಳಬಹುದು. ಅಂಕಿ ಒಂದೇ, ಮಾಲು ಬೇರೆ.

ಈ ಪರೀಕ್ಷೆಯ ವಿಧಾನವನ್ನು ಐಎಸ್‌ಒ 4548 ಮಾನದಂಡದ 12ನೆಯ ಭಾಗ ಗೊತ್ತುಪಡಿಸುತ್ತದೆ. ಆಯಿಲಿಗೆ ಗೊತ್ತಾದ ಪ್ರಮಾಣದ ಧೂಳು ಬೆರೆಸುತ್ತ, ಫಿಲ್ಟರಿನ ಮೂಲಕ ಮತ್ತೆ ಮತ್ತೆ ಹಾಯಿಸಿ ಎರಡೂ ಬದಿಯ ಕಣಗಳನ್ನು ಎಣಿಸುತ್ತಾರೆ. ಬಳಸುವ ಧೂಳು ಅಮೆರಿಕದ ಅರಿಜೋನಾ ಮರುಭೂಮಿಯ ಮಣ್ಣಿನಿಂದ ಬಂದ ರೂಢಿಯದು, ಅದರಲ್ಲಿ ಹೆಚ್ಚಿನ ಪಾಲು ಸಿಲಿಕಾ. ತಳಿ, ಡೆಂಕಣಿಕೋಟೆಯ ಕ್ರಷರುಗಳ ಸುತ್ತ ಹಾರುವ ಗ್ರಾನೈಟ್ ಪುಡಿಯಲ್ಲೂ ಸಿಲಿಕಾ ಇದ್ದೇ ಇದೆ. ಬೆಣಚುಕಲ್ಲಿನ ಕಣ ಬೇರಿಂಗಿನ ಮೆತ್ತನೆಯ ಲೋಹವನ್ನು ಗೀರುವಷ್ಟು ಗಡುಸು. ಓಡುವ ಎಂಜಿನ್ನಿನಲ್ಲಿ ಬೇರಿಂಗಿಗೂ ಶಾಫ್ಟಿಗೂ ನಡುವೆ ಇರುವ ಆಯಿಲಿನ ಪದರ, ಭಾರ ಹೆಚ್ಚಿದಾಗ, ಕೆಲವೇ ಮೈಕ್ರಾನ್ ದಪ್ಪ. ಅದಕ್ಕಿಂತ ತುಸು ದೊಡ್ಡ ಕಣ, ಅಂದರೆ 5ರಿಂದ 20 ಮೈಕ್ರಾನಿನದು, ಆ ಸಂದಿಗೆ ನುಗ್ಗಿ ಎರಡೂ ಮೈಯನ್ನು ಕೆರೆಯುತ್ತದೆ. ಕಣ್ಣಿಗೆ ಕಾಣುವ ದೊಡ್ಡ ಚೂರಿಗಿಂತ ಕಣ್ಣಿಗೆ ಕಾಣದ ಇವು ಹೆಚ್ಚು ಹಾನಿ ಮಾಡುತ್ತವೆ.

ಜನರಲ್ ಮೋಟರ್ಸ್ ಸಂಸ್ಥೆಯ ಡೇವಿಡ್ ಸ್ಟೇಲಿ 1988ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಫಿಲ್ಟರ್ ಮಾರುವವರೆಲ್ಲ ಎತ್ತಿ ಆಡುತ್ತಾರೆ. 40 ಮೈಕ್ರಾನಿನ ಫಿಲ್ಟರಿಗೆ ಹೋಲಿಸಿದರೆ 30 ಮೈಕ್ರಾನಿನದು ಎಂಜಿನ್ ಸವೆತವನ್ನು 50 ಶೇಕಡಾ, 15 ಮೈಕ್ರಾನಿನದು 70 ಶೇಕಡಾ ತಗ್ಗಿಸಿತು ಎಂಬುದು ಅದರ ತೀರ್ಮಾನ. ಹೇಳುವಾಗ ಬಿಟ್ಟುಬಿಡುವ ಮಾತೆಂದರೆ, ಆ ಪ್ರಯೋಗದಲ್ಲಿ ಸವೆತವನ್ನು ಬೇಗ ಕಾಣುವುದಕ್ಕಾಗಿ ಆಯಿಲಿಗೆ ಬೇಕೆಂದೇ ಧೂಳು ಸುರಿದಿದ್ದರು. ಒಳ್ಳೆಯ ಏರ್ ಫಿಲ್ಟರ್ ಇರುವ, ನಗರದ ಟಾರು ರಸ್ತೆಯಲ್ಲಿ ಓಡುವ ಕಾರಿಗೆ ಅಷ್ಟು ಲಾಭ ಕಾಣದು. ಕ್ರಷರ್ ರಸ್ತೆಯ ಗಾಡಿಗಾದರೆ ಆ ಪ್ರಯೋಗ ಅಷ್ಟೇನೂ ದೂರದ್ದಲ್ಲ.

ಇನ್ನೊಂದು ಮಿತಿಯೂ ಇದೆ. ಡೀಸೆಲ್ ಎಂಜಿನ್ನಿನ ಆಯಿಲನ್ನು ಹಾಕಿದ ಕೆಲವೇ ದಿನಕ್ಕೆ ಕಪ್ಪಾಗಿಸುವ ಮಸಿಯ ಕಣ ಒಂದು ಮೈಕ್ರಾನಿಗಿಂತ ಸಣ್ಣದು. ಅದನ್ನು ಯಾವ ಕಾರಿನ ಫಿಲ್ಟರೂ ಹಿಡಿಯುವುದಿಲ್ಲ. ಗುಂಪುಗೂಡದಂತೆ ತೇಲಿಸಿಟ್ಟುಕೊಳ್ಳುವುದು ಆಯಿಲಿಗೆ ಬೆರೆಸಿದ ರಾಸಾಯನಿಕಗಳ ಕೆಲಸ. ಆಯಿಲಿಗೆ ಬೆರೆತ ಪೆಟ್ರೋಲು, ನೀರು, ಆಮ್ಲ ಇವೂ ಫಿಲ್ಟರನ್ನು ದಾಟಿ ಹೋಗುತ್ತವೆ. ದುಬಾರಿ ಫಿಲ್ಟರ್ ಹಾಕಿದೆ, ಆಯಿಲ್ ಇನ್ನೊಂದು ವರ್ಷ ನಡೆಯಲಿ ಎನ್ನುವ ಲೆಕ್ಕ ಇದರಿಂದ ತಲೆಕೆಳಗಾಗುತ್ತದೆ.

ಎರಡು ವಾಲ್ವುಗಳು

ಹೋಲಿಕೆಯಲ್ಲಿ ಕಾಗದದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ತೂಗುವುದು ವಾಲ್ವುಗಳು. ಮೊದಲನೆಯದು ಬೈಪಾಸ್ ವಾಲ್ವ್. ಕಾಗದ ಕಟ್ಟಿಕೊಂಡರೆ, ಇಲ್ಲವೇ ಚಳಿಗೆ ಆಯಿಲ್ ಮಂದವಾಗಿ ಕಾಗದದಲ್ಲಿ ಇಳಿಯದೇ ಹೋದರೆ, ಬೇರಿಂಗುಗಳು ಆಯಿಲಿಲ್ಲದೆ ಸುಟ್ಟುಹೋಗಬಾರದು. ಹಾಗಾಗಿ ಕಾಗದದ ಎರಡು ಬದಿಯ ಒತ್ತಡದ ವ್ಯತ್ಯಾಸ ಒಂದು ಮಿತಿ ದಾಟಿದಾಗ, ಅನೇಕ ಕಾರುಗಳಲ್ಲಿ ಅದು ಒಂದು ಬಾರ್ ಆಸುಪಾಸು, ಸ್ಪ್ರಿಂಗು ಸಡಿಲಿ ಆಯಿಲ್ ಸೋಸದೆಯೇ ಹರಿಯುತ್ತದೆ. ಕೊಳೆ ಆಯಿಲಾದರೂ ಸರಿ, ಇಲ್ಲದ್ದಕ್ಕಿಂತ ವಾಸಿ ಎಂಬುದು ಇಲ್ಲಿಯ ತತ್ವ. ಸ್ಪ್ರಿಂಗು ಬಹಳ ಸಡಿಲವಾಗಿದ್ದರೆ ಫಿಲ್ಟರ್ ಹೆಚ್ಚು ಹೊತ್ತು ಬಾಗಿಲು ತೆರೆದೇ ಕೂರುತ್ತದೆ; ಬಿಗಿಯಾಗಿದ್ದರೆ ಕಾಗದ ಹರಿಯಬಹುದು.

ಸಮುದ್ರಮಟ್ಟಕ್ಕಿಂತ ಎಂಟುನೂರು ಮೀಟರಿಗೂ ಎತ್ತರದ ಹೊಸೂರು-ಡೆಂಕಣಿಕೋಟೆ ಪ್ರಸ್ಥಭೂಮಿಯಲ್ಲಿ ಮಾರ್ಗಶಿರ-ಪುಷ್ಯದ ಬೆಳಗು ಚುರುಕಾಗಿಯೇ ಕೊರೆಯುತ್ತದೆ. ಹಳೆಯ ಓಮ್ನಿಗೆ, ಜೀಪಿಗೆ 20ಡಬ್ಲ್ಯು-50ರಂಥ ಮಂದ ಆಯಿಲ್ ಹಾಕಿ, ನಾಲ್ಕು ಗಂಟೆಗೆ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ತುಳಿದರೆ ಬೈಪಾಸ್ ತೆರೆದುಕೊಳ್ಳುವುದು ಬಹುಮಟ್ಟಿಗೆ ಖಚಿತ. ತರಕಾರಿ ಗಾಡಿಯವರು ಒಂದು ನಿಮಿಷ ನಿಧಾನಕ್ಕೆ ಓಡಿಸಿ ನಂತರ ವೇಗ ಹಿಡಿಯುವುದರಿಂದ ಆಗುವ ಉಪಕಾರ, ಫಿಲ್ಟರಿನ ಕಂಪನಿ ಬದಲಿಸಿದ್ದರಿಂದ ಆಗದು. ಹೊಸ ಪೆಟ್ರೋಲ್ ಎಂಜಿನ್ನುಗಳಿಗೆ 0ಡಬ್ಲ್ಯು-16, 0ಡಬ್ಲ್ಯು-20ರಂಥ ತೆಳು ಆಯಿಲನ್ನು ಕಂಪನಿಯೇ ಹೇಳುತ್ತದೆ. ಅವು ಚಳಿಯಲ್ಲೂ ಕಾಗದದಲ್ಲಿ ಸಲೀಸಾಗಿ ಇಳಿಯುತ್ತವೆ.

ಕೆಲವು ಎಂಜಿನ್ನುಗಳಲ್ಲಿ ಬೈಪಾಸ್ ವಾಲ್ವ್ ಫಿಲ್ಟರಿನಲ್ಲಿರದೆ ಎಂಜಿನ್ ಬ್ಲಾಕಿನಲ್ಲೇ ಇರುತ್ತದೆ. ಅಂಥದಕ್ಕೆ ಮಾಡಿದ, ವಾಲ್ವಿಲ್ಲದ ಫಿಲ್ಟರನ್ನು ಬೇರೆ ಕಾರಿಗೆ ಹಾಕಿದರೆ ಕಾಗದ ಕಟ್ಟಿದ ದಿನ ಆಯಿಲಿಗೆ ದಾರಿಯೇ ಉಳಿಯುವುದಿಲ್ಲ. ಮರೆ ಕೂತಿತು, ರಬ್ಬರ್ ಕೂತಿತು ಎಂದು ಸಮಾಧಾನಪಟ್ಟುಕೊಳ್ಳುವವರು ಮರೆಯುವ ವಿಷಯ ಇದು.

ಎರಡನೆಯದು ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್: ಬಾಯಿಯ ಸಣ್ಣ ತೂತುಗಳನ್ನು ಒಳಗಿನಿಂದ ಮುಚ್ಚಿ ಕೂರುವ ತೆಳು ರಬ್ಬರ್ ಹಾಳೆ. ಎಂಜಿನ್ ನಿಂತಾಗ ಫಿಲ್ಟರಿನಲ್ಲಿ ತುಂಬಿದ ಆಯಿಲ್ ತಳದ ತೊಟ್ಟಿಗೆ, ಗ್ಯಾರೇಜಿನ ಮಾತಿನಲ್ಲಿ ಚೇಂಬರಿಗೆ, ಇಳಿದುಹೋಗದಂತೆ ಹಿಡಿದಿಡುತ್ತದೆ. ಇದು ಸೋತರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಫಿಲ್ಟರ್ ಮತ್ತೆ ತುಂಬುವವರೆಗೆ ಎಂಜಿನ್ನಿನ ಮೇಲ್ಭಾಗಕ್ಕೆ ಆಯಿಲಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಎರಡು ಮೂರು ಸೆಕೆಂಡು ಹೆಚ್ಚು ಉರಿಯುತ್ತದೆ, ಟಪ್ಪೆಟ್ ಇಲ್ಲವೇ ಟೈಮಿಂಗ್ ಚೈನಿನ ಕಟಕಟ ಸದ್ದು ಕೇಳಿ ಆಮೇಲೆ ನಿಲ್ಲುತ್ತದೆ. ಫಿಲ್ಟರ್ ಅಡ್ಡಲಾಗಿ ಅಥವಾ ಬಾಯಿ ಕೆಳಗಾಗಿ ಕೂರುವ ಎಂಜಿನ್ನಿಗೆ ಈ ವಾಲ್ವ್ ಜೀವಾಳ. ಬಾಯಿ ಮೇಲಾಗಿ ಕೂರುವಲ್ಲಿ ಅಷ್ಟು ತೊಂದರೆಯಿಲ್ಲ. ನೈಟ್ರೈಲ್ ರಬ್ಬರಿನದು ಬಿಸಿಗೆ ಕ್ರಮೇಣ ಗಟ್ಟಿಯಾಗುತ್ತದೆ, ಸಿಲಿಕೋನಿನದು ಮೆತ್ತಗೇ ಉಳಿಯುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಸಣ್ಣ ತೂತಿನ ಮೂಲಕ ಪೆನ್ನಿನ ರೀಫಿಲ್ ತುದಿಯಿಂದ ಹಗುರವಾಗಿ ಒತ್ತಿದರೆ ಹಾಳೆ ಬಗ್ಗಿ, ಕೈ ಬಿಟ್ಟ ಕೂಡಲೇ ಮರಳಿ ಅಂಟಬೇಕು. ಅಗ್ಗದ ಮಾಲಿನಲ್ಲಿ ಮೊದಲು ಕೈಕೊಡುವುದು ಈ ಹಾಳೆಯೇ.

ಮರೆ, ರಬ್ಬರ್, ಪಾರ್ಟ್ ನಂಬರ್

ಹೊಸೂರಿನಿಂದ ಅಂಚೆಟ್ಟಿಯವರೆಗೆ ಸ್ಪೇರ್ ಪಾರ್ಟ್ಸ್ ಅಂಗಡಿಯ ವ್ಯವಹಾರ ಬಹುತೇಕ ಒಂದೇ ರೀತಿ ನಡೆಯುತ್ತದೆ. ಗಿರಾಕಿ ಪ್ಲಾಸ್ಟಿಕ್ ಕವರಿನಲ್ಲಿ ಆಯಿಲ್ ಸೋರುವ ಹಳೇ ಫಿಲ್ಟರ್ ಹಿಡಿದು ಬರುತ್ತಾನೆ. ‘ಅಣ್ಣಾ, ಇದೇ ಥರದ್ದು ಕೊಡಿ’ ಎಂದರೆ ಅಂಗಡಿಯವರು ಗಾಡಿ ಯಾವುದು, ಯಾವ ವರ್ಷದ್ದು ಎಂದು ಕೇಳಿ, ಹಳೆಯದರ ಬಾಯಿಯನ್ನು ಹೊಸದರ ಬಾಯಿಗೆ ಇಟ್ಟು ನೋಡಿ ಕೊಡುತ್ತಾರೆ. ಅನುಭವಿ ಕಣ್ಣಿಗೆ ಇದು ಹೆಚ್ಚಾಗಿ ಸರಿಯಾಗಿಯೇ ಬರುತ್ತದೆ. ತಪ್ಪುವುದು ಮರೆಯಲ್ಲಿ.

ಕಾರುಗಳಲ್ಲಿ ಹೆಚ್ಚು ಕಾಣುವ ಮರೆ ಎರಡು: 20 ಮಿ.ಮೀ. ಅಗಲ, 1.5 ಮಿ.ಮೀ. ಅಂತರದ್ದು ಒಂದು, ಮುಕ್ಕಾಲು ಇಂಚು ಅಗಲ, ಇಂಚಿಗೆ 16 ಎಳೆಯದು ಇನ್ನೊಂದು. ಹ್ಯುಂಡೈ, ಹೋಂಡಾ ಫಿಲ್ಟರುಗಳಲ್ಲಿ ಮೊದಲನೆಯದು, ಟೊಯೊಟಾದ ಅನೇಕ ಡಬ್ಬಿ ಫಿಲ್ಟರುಗಳಲ್ಲಿ ಎರಡನೆಯದು ಸಾಮಾನ್ಯ. ಮುಕ್ಕಾಲು ಇಂಚೆಂದರೆ 19.05 ಮಿ.ಮೀ. ಅಂದರೆ ಎರಡಕ್ಕೂ ಒಂದು ಮಿ.ಮೀ.ನಷ್ಟೂ ವ್ಯತ್ಯಾಸವಿಲ್ಲ, ಎಳೆಯ ಅಂತರದಲ್ಲಂತೂ ಕಣ್ಣಿಗೆ ತಿಳಿಯುವ ಭೇದವೇ ಇಲ್ಲ. 20 ಮಿ.ಮೀ. ಫಿಲ್ಟರ್ ಎಂಜಿನ್ನಿನ ಮುಕ್ಕಾಲು ಇಂಚಿನ ಮರೆಮೊಳೆಯ ಮೇಲೆ ತಿರುಗಿ ಕೂರುತ್ತದೆ ಕೂಡ. ಆದರೆ ಎಳೆಗಳು ಅರೆಬರೆ ಕಚ್ಚಿಕೊಂಡಿರುತ್ತವೆ. ಗ್ಯಾರೇಜಿನಲ್ಲಿ ಐದು ನಿಮಿಷ ಓಡಿಸಿದರೆ ಸೋರಿಕೆ ಕಾಣದೆ, ಹೆದ್ದಾರಿಯಲ್ಲಿ ಒತ್ತಡ ಏರಿದಾಗ ಫಿಲ್ಟರ್ ಕಳಚಿ, ಇರುವ ಮೂರು ಮೂರೂವರೆ ಲೀಟರ್ ಆಯಿಲೂ ನೋಡನೋಡುತ್ತ ರಸ್ತೆ ಪಾಲಾಗಬಹುದು. ತಿರುಗಿಸುವಾಗ ಅಲ್ಲಾಡುವ ಫಿಲ್ಟರನ್ನು ಅಲ್ಲೇ ಬಿಚ್ಚಿ ಕೊಟ್ಟುಬಿಡುವುದು ಒಳಿತು.

ಹೋಲಿಕೆಯ ಮೊದಲ ಮೆಟ್ಟಿಲು ಹಾಗಾಗಿ ಪಾರ್ಟ್ ನಂಬರ್. ಸುಜುಕಿಯ ಆಯಿಲ್ ಫಿಲ್ಟರ್ ನಂಬರುಗಳು 16510ರಿಂದ, ಹ್ಯುಂಡೈ-ಕಿಯಾ ಡಬ್ಬಿ ಫಿಲ್ಟರಿನವು 26300ರಿಂದ, ಹೋಂಡಾದವು 15400ರಿಂದ ಶುರುವಾಗುತ್ತವೆ. ಟೊಯೊಟಾದಲ್ಲಿ 90915 ಎಂದರೆ ಡಬ್ಬಿ, 04152 ಎಂದರೆ ಎಲಿಮೆಂಟ್. ಬಾಷ್, ಪ್ಯುರೊಲೇಟರ್, ಮಾನ್, ಎಲೊಫಿಕ್ ಮುಂತಾದವರು ತಮ್ಮ ಯಾವ ನಂಬರ್ ಕಂಪನಿಯ ಯಾವ ನಂಬರಿಗೆ ಸಮ ಎಂದು ಪಟ್ಟಿ ಕೊಡುತ್ತಾರೆ. ಹಳೇ ಫಿಲ್ಟರಿನ ಬಾಯಿಗಿಂತ ಕಾರಿನ ಮಾಲೀಕರ ಕೈಪಿಡಿಯಲ್ಲಿರುವ ನಂಬರನ್ನೇ ನಂಬುವುದು ಕ್ಷೇಮ. ಹಳೆಯದನ್ನು ಹಿಂದಿನ ಮೆಕ್ಯಾನಿಕ್ ತಪ್ಪಾಗಿ ಹಾಕಿರಬಹುದು.

ಕಂಪನಿ ಮಾಲು, ಹೊರಗಿನ ಮಾಲು, ಡೂಪ್ಲಿಕೇಟ್

ಪೇಟೆಯಲ್ಲಿ ಫಿಲ್ಟರುಗಳು ಮೂರು ಅಂತಸ್ತಿನವು. ಕಾರು ಕಂಪನಿಯ ಪೆಟ್ಟಿಗೆಯಲ್ಲಿ ಬರುವುದು ಒಂದು. ಕಾರು ಕಂಪನಿಗಳು ಫಿಲ್ಟರನ್ನು ತಾವೇ ಮಾಡುವುದು ಅಪರೂಪ, ಫಿಲ್ಟರ್ ತಯಾರಕರಿಂದ ಮಾಡಿಸಿ ತಮ್ಮ ಹೆಸರು ಹಾಕುತ್ತವೆ. ಅದೇ ತಯಾರಕರು ಸ್ವಂತ ಹೆಸರಿನಲ್ಲಿ ಮಾರುವುದು ಎರಡನೆಯದು. ಮಾಹ್ಲೆ ಮತ್ತು ಆನಂದ್ ಗುಂಪಿನ ಪಾಲುದಾರಿಕೆಯ ಪ್ಯುರೊಲೇಟರ್, ಫರೀದಾಬಾದಿನ ಎಲೊಫಿಕ್, 1951ರಲ್ಲಿ ಬೆಂಗಳೂರಿನಲ್ಲಿ ಮೈಕೊ ಆಗಿ ಹುಟ್ಟಿ 2008ರಲ್ಲಿ ಹೆಸರು ಬದಲಿಸಿಕೊಂಡ ಬಾಷ್ ಈ ಸಾಲಿನವು. ಮೊದಲ ಎರಡರ ನಡುವೆ ಗುಣದಲ್ಲಿ ಇರುವ ವ್ಯತ್ಯಾಸ, ಸಾಧಾರಣ ಓಡಾಟದ ಕಾರಿಗೆ, ತಲೆ ಕೆಡಿಸಿಕೊಳ್ಳುವಷ್ಟಿಲ್ಲ. ಅಂಗಡಿ ಕಟ್ಟೆಯ ಮೇಲೆ ಇವುಗಳ ಬಗ್ಗೆ ನಡೆಯುವ ವಾದ ಹೆಚ್ಚಾಗಿ ಹೊತ್ತು ಕಳೆಯುವ ವಾದ. ವಾರಂಟಿ ಇರುವವರೆಗೆ ಕಂಪನಿ ಮಾಲು ಹಾಕಿಸಿ ಬಿಲ್ಲು ಇಟ್ಟುಕೊಂಡರೆ ಮುಂದೆ ಮಾತು ಬೆಳೆಯುವುದಿಲ್ಲ ಎಂಬುದಷ್ಟೇ ನಿಜವಾದ ಲಾಭ.

ಮೂರನೆಯದು ಡೂಪ್ಲಿಕೇಟ್. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಳ್ಳಿ ಗ್ಯಾರೇಜಿನವರೆಗೆ ಬಿಡಿಭಾಗಗಳು ಕೈಯಿಂದ ಕೈಗೆ ಸಾಗುವ ದಾರಿಯಲ್ಲಿ ಹೆಸರಾಂತ ಪೆಟ್ಟಿಗೆಯ ನಕಲು ನುಸುಳುವುದು ಹೊಸ ಸುದ್ದಿಯಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅದು ಶಿಕ್ಷಾರ್ಹ. ನಕಲಿಯ ಕಾಗದ ತೆಳು, ಮಡಿಕೆ ಕಡಿಮೆ, ವಾಲ್ವ್ ಇದ್ದರೂ ಹೆಸರಿಗೆ. ಪತ್ತೆಹಚ್ಚಲು ಹಾಲೊಗ್ರಾಮೊಂದನ್ನೇ ನೆಚ್ಚಿದರೆ ಸಾಲದು, ಅದೂ ನಕಲಾಗುತ್ತದೆ. ಡಬ್ಬಿಯ ಮೇಲಿನ ಬ್ಯಾಚ್ ನಂಬರ್, ತಿಂಗಳು ಅಚ್ಚುಕಟ್ಟಾಗಿದೆಯೇ, ಪೆಟ್ಟಿಗೆಯ ನಂಬರಿಗೂ ಡಬ್ಬಿಯ ನಂಬರಿಗೂ ತಾಳೆಯಾಗುತ್ತದೆಯೇ, ಬಾಯಿಯ ರಬ್ಬರ್ ಕಾಲುವೆಯಲ್ಲಿ ಸಮವಾಗಿ ಕೂತಿದೆಯೇ, ಮರೆಯಲ್ಲಿ ಲೋಹದ ಚೂರು ಉಳಿದಿದೆಯೇ ನೋಡಬೇಕು. ಅಲ್ಲಾಡಿಸಿದರೆ ಒಳಗೆ ಏನೂ ಗಲಗಲ ಎನ್ನಬಾರದು. ತೂಕ ಒಂದು ಸೂಚನೆ ಅಷ್ಟೆ. ಎಂ.ಆರ್.ಪಿ.ಯ ಅರ್ಧಕ್ಕೆ ಕೊಡುವ ಅಂಗಡಿ ಎಲ್ಲಕ್ಕಿಂತ ದೊಡ್ಡ ಸೂಚನೆ.

ಧೂಳಿನ ಸೀಮೆಯ ಲೆಕ್ಕ

ಆಯಿಲಿಗೆ ಧೂಳು ಬರುವುದು ಎಲ್ಲಿಂದ? ಹೆಚ್ಚಿನದು ಎಂಜಿನ್ ಎಳೆದುಕೊಳ್ಳುವ ಗಾಳಿಯಿಂದ. ಏರ್ ಫಿಲ್ಟರನ್ನು ದಾಟಿದ ಕಣ ಸಿಲಿಂಡರಿನಲ್ಲಿ ಪಿಸ್ಟನ್ ರಿಂಗನ್ನು ಸವೆಸಿ, ಆಮೇಲೆ ಆಯಿಲಿಗೆ ಇಳಿಯುತ್ತದೆ. ಆಯಿಲ್ ಫಿಲ್ಟರಿಗೆ ಅದು ಸಿಗುವ ಹೊತ್ತಿಗೆ ಅರ್ಧ ಹಾನಿ ಮುಗಿದಿರುತ್ತದೆ. ಆದ್ದರಿಂದ ಕ್ರಷರ್, ಕ್ವಾರಿ, ಕೆಮ್ಮಣ್ಣು ರಸ್ತೆಯ ಗಾಡಿಯವರು ಆಯಿಲ್ ಫಿಲ್ಟರಿನ ಮೇಲೆ ಇನ್ನೂರು ರೂಪಾಯಿ ಹೆಚ್ಚು ಸುರಿಯುವ ಮುಂಚೆ ಏರ್ ಫಿಲ್ಟರಿನ ಪೆಟ್ಟಿಗೆಯ ಕ್ಲಿಪ್ಪು ಬಿಗಿಯಾಗಿದೆಯೇ, ಗಾಳಿ ಕೊಳವೆ ಬಿರುಕು ಬಿಟ್ಟಿದೆಯೇ ನೋಡುವುದು ಜಾಣತನ. ಏರ್ ಫಿಲ್ಟರನ್ನು ಕಂಪ್ರೆಸರ್ ಗಾಳಿಯಲ್ಲಿ ಜೋರಾಗಿ ಊದಿ ಊದಿ ವರ್ಷಗಟ್ಟಲೆ ಬಳಸುವ ಅಭ್ಯಾಸ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಮಾಡುತ್ತದೆ.

ಮಾರುತಿ, ಹ್ಯುಂಡೈ ಪೆಟ್ರೋಲ್ ಕಾರುಗಳಿಗೆ ಆಯಿಲ್ ಬದಲಿಸುವ ಸಾಮಾನ್ಯ ಅವಧಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಅದೇ ಕೈಪಿಡಿಗಳು ಕಠಿಣ ಬಳಕೆಗೆ ಬೇರೆ ಅವಧಿ ಹೇಳುತ್ತವೆ: ಧೂಳಿನ ರಸ್ತೆ, ಮತ್ತೆ ಮತ್ತೆ ಅಲ್ಪ ದೂರದ ಓಡಾಟ, ಘಟ್ಟ ಹತ್ತುವುದು, ಭಾರ ಎಳೆಯುವುದು. ಡೆಂಕಣಿಕೋಟೆಯಲ್ಲಿ ಈ ನಾಲ್ಕರಲ್ಲಿ ಎರಡಾದರೂ ಬಹುತೇಕ ಗಾಡಿಗಳಿಗೆ ಅನ್ವಯ. ಅಂಚೆಟ್ಟಿ ಘಟ್ಟದಲ್ಲಿ ವಾರಕ್ಕೆ ಹಲವು ಸಲ ಹತ್ತಿಳಿಯುವ, ಕ್ವಾರಿ ರಸ್ತೆಯಲ್ಲಿ ಓಡುವ ಗಾಡಿಗೆ 5,000 ಕಿ.ಮೀ.ಗೆ ಆಯಿಲೂ ಫಿಲ್ಟರೂ ಬದಲಿಸುವುದು ಅತಿಯಲ್ಲ. ಮಧ್ಯಮ ದರ್ಜೆಯ ಫಿಲ್ಟರನ್ನು ಅಲ್ಲಿ ಎರಡು ಸಲ ಬದಲಿಸುವುದು, ಅತ್ಯುತ್ತಮವಾದದ್ದನ್ನು ಒಂದೇ ಸಲ ಹಾಕಿ ಕೂರುವುದಕ್ಕಿಂತ ಮೇಲು. ಒಂದು ಆಯಿಲ್ ಚೇಂಜ್ ಬಿಟ್ಟು ಒಂದಕ್ಕೆ ಫಿಲ್ಟರ್ ಬದಲಿಸುವ ಹಳೇ ಪದ್ಧತಿಯೂ ಕೆಲವೆಡೆ ಉಳಿದಿದೆ. ಹೊಸ ಆಯಿಲನ್ನು ಹಳೇ ಕೊಳೆಯ ಮೂಲಕವೇ ಹಾಯಿಸುವ ಇದರಿಂದ ಉಳಿಯುವುದು ನೂರು ರೂಪಾಯಿ. ಡಬ್ಬಿ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು ಮರಳಿ ಹಾಕುವುದಂತೂ ಲೆಕ್ಕಕ್ಕೇ ಬಾರದ ಕೆಲಸ.

ಕೂರಿಸುವುದು, ಬಿಚ್ಚಿ ನೋಡುವುದು

ಒಳ್ಳೆಯ ಫಿಲ್ಟರನ್ನೂ ಕೆಡಿಸುವ ಎರಡು ತಪ್ಪುಗಳಿವೆ. ಹಳೇ ಫಿಲ್ಟರಿನ ರಬ್ಬರ್ ಉಂಗುರ ಕೆಲವೊಮ್ಮೆ ಎಂಜಿನ್ನಿನ ಮೈಗೇ ಅಂಟಿ ಉಳಿಯುತ್ತದೆ. ಅದರ ಮೇಲೆ ಹೊಸದನ್ನು ಕೂರಿಸಿದರೆ ಎರಡು ರಬ್ಬರ್ ಒಂದರ ಮೇಲೊಂದು ಜಾರಿ ಆಯಿಲ್ ಚಿಮ್ಮುತ್ತದೆ. ಬಿಚ್ಚಿದ ಮೇಲೆ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಬೇಕು. ಇನ್ನೊಂದು, ಚೈನ್ ರೆಂಚ್ ಹಾಕಿ ಬಿಗಿಯುವುದು. ರೆಂಚ್ ಇರುವುದು ಬಿಚ್ಚಲಿಕ್ಕೆ. ಹೊಸ ರಬ್ಬರಿಗೆ ಬೆರಳಿನಿಂದ ಆಯಿಲ್ ಸವರಿ, ರಬ್ಬರ್ ಮೈಗೆ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಮುಂದೆ ಡಬ್ಬಿಯ ಮೇಲೆ ಬರೆದಷ್ಟು, ಹೆಚ್ಚಿನವುಗಳಲ್ಲಿ ಮುಕ್ಕಾಲು ಸುತ್ತು, ಕೈಯಲ್ಲೇ ಬಿಗಿದರೆ ಸಾಕು. ಎಲಿಮೆಂಟ್ ಮಾದರಿಯಲ್ಲಿ ಮುಚ್ಚಳದ ಓ-ರಿಂಗನ್ನು ಪ್ರತಿ ಸಲ ಬದಲಿಸಬೇಕು. ಪ್ಲಾಸ್ಟಿಕ್ ಮುಚ್ಚಳವನ್ನು ಅತಿಯಾಗಿ ಬಿಗಿದರೆ ಸೀಳುತ್ತದೆ.

ಹಳೇ ಫಿಲ್ಟರನ್ನು ಬಾಯಿಯ ಕೆಳಗೆ ಸುತ್ತ ಕೊಯ್ದು ಬಿಚ್ಚಿ ನೋಡುವುದು ಎಂಜಿನ್ನಿನ ಆರೋಗ್ಯ ತಿಳಿಯುವ ಅಗ್ಗದ ದಾರಿ. ಹ್ಯಾಕ್ಸಾ ಬಳಸಿದರೆ ಅದರದೇ ಕಬ್ಬಿಣದ ಪುಡಿ ಒಳಗೆ ಬಿದ್ದು ಮೋಸವಾಗುತ್ತದೆ, ಕೊಳವೆ ಕತ್ತರಿಸುವಂಥ ಚಕ್ರದ ಕಟರ್ ಬೇಕು. ಕಾಗದವನ್ನು ಹೊರತೆಗೆದು, ಹಿಂಡಿ, ಬಿಳಿ ಬಟ್ಟೆಯ ಮೇಲೆ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಬೇಕು. ಅಲ್ಲೊಂದು ಇಲ್ಲೊಂದು ಮಿಣುಕು ಸಹಜ. ಮಡಿಕೆಯ ಬುಡದಲ್ಲಿ ಬೆಳ್ಳಿಬಣ್ಣದ ಗೆರೆ ಕಟ್ಟಿದ್ದರೆ, ತಾಮ್ರದ ಹೊಳಪು ಕಂಡರೆ ಬೇರಿಂಗ್ ಸವೆಯುತ್ತಿದೆ. ಆಯಸ್ಕಾಂತಕ್ಕೆ ಅಂಟುವುದು ಕಬ್ಬಿಣ ಮಾತ್ರ. ಬೇರಿಂಗಿನ ಅಲ್ಯುಮಿನಿಯಂ, ತಾಮ್ರ, ಧೂಳಿನ ಸಿಲಿಕಾ ಅಂಟುವುದಿಲ್ಲ. ಡಬ್ಬಿಯ ಹೊರಗೆ ಆಯಸ್ಕಾಂತ ಕಟ್ಟಿದರೆ ಎಲ್ಲ ಕೊಳೆ ಸಿಗುತ್ತದೆಂಬ ಪ್ರಚಾರ ಅಷ್ಟರಮಟ್ಟಿಗೆ ಪೊಳ್ಳು. ಕಾಗದ ಮರಳು ಮರಳಾಗಿ ಬೆರಳಿಗೆ ತಾಗಿದರೆ ಏರ್ ಫಿಲ್ಟರಿನ ಕಡೆ ನೋಡಬೇಕು. ಮಡಿಕೆಗಳು ಅಲೆಅಲೆಯಾಗಿ ಸೊಟ್ಟಗಾಗಿದ್ದರೆ ಫಿಲ್ಟರ್ ತನ್ನ ಶಕ್ತಿ ಮೀರಿ ದುಡಿದಿದೆ, ಅವಧಿಯನ್ನು ತಗ್ಗಿಸಬೇಕು. ಎರಡು ಕಂಪನಿಗಳ ಫಿಲ್ಟರನ್ನು ಒಂದೇ ಗಾಡಿಯಲ್ಲಿ, ಒಂದೇ ದೂರಕ್ಕೆ ಓಡಿಸಿ ಹೀಗೆ ಕೊಯ್ದು ಅಕ್ಕಪಕ್ಕ ಇಟ್ಟರೆ ಪೆಟ್ಟಿಗೆಯ ಮೇಲಿನ ಬರಹಕ್ಕಿಂತ ಹೆಚ್ಚು ತಿಳಿಯುತ್ತದೆ.

ಇತರ ವಾಹನಗಳು

ದ್ವಿಚಕ್ರಗಳ ರೀತಿ ಬೇರೆ. ಸ್ಪ್ಲೆಂಡರಿನಂಥ ಬೈಕಿನಲ್ಲಿ ಕಾಗದದ ಫಿಲ್ಟರೇ ಇಲ್ಲ. ತಂತಿ ಜಾಲರಿಯೊಂದು, ಕೊಳೆಯನ್ನು ತಿರುಗುವ ವೇಗಕ್ಕೆ ಅಂಚಿಗೆ ಎಸೆದು ಹಿಡಿಯುವ ಬಟ್ಟಲೊಂದು. ಇವನ್ನು ಬದಲಿಸುವ ಬದಲು ತೊಳೆಯುತ್ತಾರೆ. 1980ರಲ್ಲಿ ಹೊಸೂರಿನಿಂದ ಹೊರಬಂದ ಟಿವಿಎಸ್ 50 ಮೊಪೆಡ್ಡು ಟೂ-ಸ್ಟ್ರೋಕ್; ಆಯಿಲನ್ನು ಪೆಟ್ರೋಲಿನ ಜೊತೆಯೇ ಸುಟ್ಟುಬಿಡುವುದರಿಂದ ಅದಕ್ಕೆ ಫಿಲ್ಟರಿನ ಮಾತೇ ಇರಲಿಲ್ಲ. ಅದೇ ವರ್ಷ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಅಶೋಕ್ ಲೇಲ್ಯಾಂಡಿನ ಲಾರಿಗಳದು ಇನ್ನೊಂದು ತುದಿ: ಲೀಟರುಗಟ್ಟಲೆ ಆಯಿಲ್, ಅದಕ್ಕೆ ತಕ್ಕ ದೊಡ್ಡ ಫಿಲ್ಟರುಗಳು. ಈಗ ಇದೇ ಜಿಲ್ಲೆಯ ಪೋಚಂಪಳ್ಳಿಯಲ್ಲಿ 2021ರಿಂದ ಓಲಾ, ಹೊಸೂರಿನಲ್ಲಿ ಏಥರ್ ಮತ್ತು ಟಿವಿಎಸ್ ಮಾಡುತ್ತಿರುವ ಬ್ಯಾಟರಿ ಸ್ಕೂಟರುಗಳಿಗೆ ಎಂಜಿನ್ ಆಯಿಲೂ ಇಲ್ಲ, ಫಿಲ್ಟರೂ ಇಲ್ಲ.

ವಿಲೇವಾರಿ

ಬಿಚ್ಚಿದ ಫಿಲ್ಟರಿನಲ್ಲಿ ಒಂದಷ್ಟು ಆಯಿಲ್ ಉಳಿದೇ ಇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. 2023ರ ತಿದ್ದುಪಡಿಯಿಂದ, 2024ರ ಏಪ್ರಿಲ್‌ನಿಂದ ಆಚೆಗೆ, ಅದನ್ನು ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ಆಯಿಲ್ ತಯಾರಕರ ಮೇಲೂ ಹೊರಿಸಲಾಗಿದೆ. ಹಳ್ಳಿಗಳಲ್ಲಿ ಹಳೇ ಆಯಿಲಿಗೆ ಬೇಡಿಕೆ ಇದ್ದೇ ಇದೆ: ಸೆಂಟ್ರಿಂಗ್ ಹಲಗೆಗೆ ಕಾಂಕ್ರೀಟ್ ಅಂಟದಂತೆ ಬಳಿಯಲು, ಬೇಲಿಯ ಕಂಬಕ್ಕೆ ಗೆದ್ದಲು ಹತ್ತದಂತೆ ಸವರಲು. ಮಳೆ ಬಂದರೆ ಅದೆಲ್ಲ ಮಣ್ಣಿಗೆ, ಕೆರೆಗೆ ಇಳಿಯುತ್ತದೆಂಬ ಕಾರಣಕ್ಕೆ ಈ ಬಳಕೆ ಒಳ್ಳೆಯದಲ್ಲ. ಫಿಲ್ಟರನ್ನು ಎಂಜಿನ್ ಬಿಸಿಯಿರುವಾಗಲೇ ಬಿಚ್ಚಿ, ತಳಕ್ಕೆ ಮೊಳೆಯಿಂದ ತೂತು ಹೊಡೆದು, ಬಾಯಿ ಕೆಳಗೆ ಮಾಡಿ ಒಂದು ರಾತ್ರಿ ಡಬ್ಬದ ಮೇಲಿಟ್ಟರೆ ಬಹುಪಾಲು ಆಯಿಲ್ ಇಳಿಯುತ್ತದೆ. ಆಯಿಲನ್ನು ಗ್ಯಾರೇಜಿನ ಬ್ಯಾರಲ್ಲಿಗೆ ಸುರಿದರೆ, ಉಳಿದ ತಗಡನ್ನು ಗುಜರಿಯವರು ಕಬ್ಬಿಣದ ಲೆಕ್ಕದಲ್ಲಿ ಕೊಳ್ಳುತ್ತಾರೆ.